ಪದಪಟ್ಟಿ ಪ್ರಗತಿ: ‘ಪಿಚ್’ ಎರಡಾಯಿತು

ಒಂದೇ ಪದ ಬೇರೆ ಬೇರೆ ಕಸುಬಿನಲ್ಲಿ ಬೇರೆ ಬೇರೆ ಅರ್ಥ ಕೊಡುತ್ತದಲ್ಲ, ಅಂಥವನ್ನು ಸ್ಪ್ರೆಡ್‌ಶೀಟಿನಲ್ಲಿ ಕೂಡಿಹಾಕುವ ನನ್ನ ಹವ್ಯಾಸಕ್ಕೆ ಈ ಸಲ ಸಿಕ್ಕಿದ್ದು ‘ಪಿಚ್’. ಇದರಿಂದಾಗಿ ಪಟ್ಟಿಯ ರೂಪವನ್ನೇ ಬದಲಿಸಿದೆ.

ಮೊದಲು ಕ್ಷೇತ್ರವಾರು ಸಾಲುಗಳನ್ನು ತುಂಬಿದೆ. ಕ್ರಿಕೆಟ್‌ನಲ್ಲಿ ಎರಡು ವಿಕೆಟ್‌ಗಳ ನಡುವಿನ 22 ಗಜದ ನೆಲ. ಸಂಗೀತದಲ್ಲಿ ಸ್ವರ ಎಷ್ಟು ಮೇಲಿದೆ, ಎಷ್ಟು ಕೆಳಗಿದೆ ಅನ್ನೋದು. ವಿಮಾನದಲ್ಲಿ ಮೂತಿ ಮೇಲಕ್ಕೇಳುವುದು, ಕೆಳಕ್ಕಿಳಿಯುವುದು. ಮಾರಾಟದವರಿಗೆ ಗಿರಾಕಿಯನ್ನು ಒಪ್ಪಿಸುವ ಮಾತು. ಬೋಲ್ಟಿನಲ್ಲಿ ಒಂದು ಥ್ರೆಡ್‌ನಿಂದ ಪಕ್ಕದ ಥ್ರೆಡ್‌ಗಿರುವ ದೂರ. ಇದನ್ನು ಸುಮ್ನೆ ಬರೆದುಕೊಳ್ಳುವುದಕ್ಕಿಂತ ಅಳೆದೇ ನೋಡೋಣ ಅನಿಸಿತು. ಎಂ8, ಅಂದರೆ 8 ಮಿ.ಮೀ. ದಪ್ಪದ ಬೋಲ್ಟಿನ ಪಕ್ಕ ಸ್ಕೇಲ್ ಹಿಡಿದೆ. ಎಂಟು ಥ್ರೆಡ್ ದಾಟುವಾಗ ಸರಿಯಾಗಿ 10 ಮಿ.ಮೀ. ಅಂದರೆ ಪಿಚ್ 1.25 ಮಿ.ಮೀ. ನಟ್ಟನ್ನು ಒಂದು ಸುತ್ತು ತಿರುಗಿಸಿದರೆ ಅಷ್ಟೇ ದೂರ ಮುಂದೆ ಹೋಗುತ್ತದೆ.

ಕೊನೆಯ ಸಾಲು, ಡಾಂಬರಿನಂಥ ಕಪ್ಪು ಅಂಟು.

ಇಷ್ಟಾದ ಮೇಲೆ ಬೇರು ಹುಡುಕಿದೆ. ಮಧ್ಯಕಾಲದ ಇಂಗ್ಲಿಷಿನಲ್ಲಿ ನೆಲಕ್ಕೆ ಚುಚ್ಚಿ ನಿಲ್ಲಿಸು ಎಂಬ ಅರ್ಥದ ಕ್ರಿಯಾಪದವೊಂದಿತ್ತು. ಗುಡಾರದ ಗೂಟ ನೆಡುವುದಕ್ಕೂ ಅದೇ, ಸ್ಟಂಪ್ ನೆಡುವುದಕ್ಕೂ ಅದೇ. ಕ್ರಿಕೆಟ್ ಪಿಚ್ ಬಂದಿದ್ದು ಅಲ್ಲಿಂದ. ಎಸೆಯುವ ಅರ್ಥ, ಒಂದು ಮಟ್ಟಕ್ಕೆ ನಿಲ್ಲಿಸುವ ಅರ್ಥ ಎಲ್ಲವೂ ಅದೇ ಬೇರಿನ ಕವಲುಗಳು. ಶ್ರುತಿಯೂ ಬೋಲ್ಟೂ ನೆಂಟರು ಅಂದರೆ ನಂಬೋದು ಕಷ್ಟ, ಅಲ್ವಾ? ಕಪ್ಪು ಪಿಚ್‌ಗೆ ಮಾತ್ರ ಈ ಮನೆತನದ ಗಂಧಗಾಳಿಯೂ ಇಲ್ಲ. ಅದು ಲ್ಯಾಟಿನ್‌ನ ‘ಪಿಕ್ಸ್’ನಿಂದ ಬಂದದ್ದು.

ನನಗೆ ಜಾಸ್ತಿ ಹಿಡಿಸಿದ್ದೂ ಆ ಕಪ್ಪು ಪಿಚ್ಚೇ. ಸುತ್ತಿಗೆಯಿಂದ ಹೊಡೆದರೆ ಚೂರಾಗುತ್ತದೆ, ಆದರೂ ದ್ರವದಂತೆ ಹರಿಯುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಪಾರ್ನೆಲ್ 1927ರಲ್ಲಿ ಅದನ್ನು ಕಾಯಿಸಿ ಗಾಜಿನ ಆಲಿಕೆಗೆ ಸುರಿದರು. ಅದು ಕೂತುಕೊಳ್ಳಲು ಮೂರು ವರ್ಷ ಬಿಟ್ಟು, 1930ರಲ್ಲಿ ಆಲಿಕೆಯ ತುದಿ ಕತ್ತರಿಸಿದರು. ಮೊದಲ ಹನಿ ಬಿದ್ದಿದ್ದು 1938ರಲ್ಲಿ, ಒಂಬತ್ತನೆಯದು 2014ರಲ್ಲಿ! ಕ್ಯೂರಿ ದಂಪತಿ 1898ರಲ್ಲಿ ಪೊಲೋನಿಯಂ, ರೇಡಿಯಂ ಕಂಡುಹಿಡಿದ ಅದಿರಿನ ಹೆಸರು ಪಿಚ್‌ಬ್ಲೆಂಡ್. ಕಪ್ಪಾಗಿರುವುದರಿಂದ ಅದಕ್ಕೆ ಆ ಹೆಸರು. ಹಾಗಾಗಿ ಅದೂ ಇದೇ ಸಾಲಿಗೆ ಹೋಯಿತು.

ಈಗ ಪಟ್ಟಿಯಲ್ಲಿ ‘ಬೇರು’ ಮೊದಲ ಕಾಲಂ, ‘ಕ್ಷೇತ್ರ’ ಎರಡನೆಯದು. ಪಿಚ್-1ರ ಕೆಳಗೆ ಆಟ, ಸಂಗೀತ, ವರ್ಕ್‌ಶಾಪ್ ಎಲ್ಲ ಒಟ್ಟಿಗಿವೆ. ಪಿಚ್-2ರ ಕೆಳಗೆ ಕಪ್ಪು ವಸ್ತು ಮತ್ತು ಅದಿರು. ನೋಡಿದ ತಕ್ಷಣ ಯಾರಿಗೆ ಯಾರು ಸಂಬಂಧ ಅಂತ ತಿಳಿಯುತ್ತದೆ. ಕ್ಷೇತ್ರದ ಹೆಸರೊಂದನ್ನೇ ನೋಡಿದರೆ ಇದು ಗೊತ್ತಾಗುವುದಿಲ್ಲ.

ಮುಂದಿನ ಪದ ‘ಮೋಲ್’. ರಸಾಯನಶಾಸ್ತ್ರದಲ್ಲಿ ವಸ್ತುವಿನ ಪ್ರಮಾಣ ಅಳೆಯುವ ಮೋಲ್ ಮತ್ತು ಬಂದರಿನಲ್ಲಿ ಅಲೆ ತಡೆಯುವ ಮೋಲ್ ಗೋಡೆ, ಎರಡೂ ಲ್ಯಾಟಿನ್‌ನ ಒಂದೇ ಪದದಿಂದ ಬಂದಿವೆ, ಆ ಸಾಲು ಆಗಲೇ ತುಂಬಿದೆ. ಚರ್ಮದ ಮೇಲಿನ ಮಚ್ಚೆಗೆ, ನೆಲ ಕೊರೆಯುವ ಪ್ರಾಣಿಗೆ, ಮೆಕ್ಸಿಕೋದ ಸಾಸ್‌ಗೆ ಬೇರೆ ಬೇರೆ ಸಾಲು ಹಾಕಬೇಕು.