ಎಕ್ಕ, ರಾಣಿ, ಗುಲಾಮ ಸಿಕ್ಕರು, ರಾಜ ಸಿಗಲಿಲ್ಲ

ಇಂಗ್ಲಿಷ್ ಪದ ಹುಡುಕುವ ನನ್ನ ಪ್ರೋಗ್ರಾಂನಲ್ಲಿ ಹನ್ನೊಂದು ದಿನ ಕಾಡಿದ ತಪ್ಪು ನಿನ್ನೆ ರಾತ್ರಿ ಸಿಕ್ಕಿತು. ಕರೆಂಟ್ ಹೋಗಿತ್ತು, ಸೆಕೆಗೆ ನಿದ್ದೆ ಬರುವ ಹಾಗಿರಲಿಲ್ಲ, ಲ್ಯಾಪ್‌ಟಾಪ್‌ನಲ್ಲಿ ಇನ್ನು ಅರ್ಧ ಗಂಟೆಯಷ್ಟು ಬ್ಯಾಟರಿ ಉಳಿದಿತ್ತು. ಆ ಅರ್ಧ ಗಂಟೆಯಲ್ಲೇ ಸಿಕ್ಕಿತು. ಖುಷಿ ಇನ್ನೂ ಇಳಿದಿಲ್ಲ.

ಇದೆಲ್ಲ ಶುರುವಾದದ್ದು ಗಾಡಿ ನಂಬರ್ ಆಟದಿಂದ. ಕರ್ನಾಟಕದ ಪ್ಲೇಟ್ ಅಂದಮೇಲೆ ಕೆ ಮತ್ತು ಎ ಇದ್ದೇ ಇರುತ್ತವೆ. ನಮ್ಮ ಕೊಪ್ಪಳಕ್ಕೆ 37, ರಾಯಚೂರಿಗೆ 36, ಬಳ್ಳಾರಿಗೆ 34. ಅದರ ಮುಂದೆ ಬರುವ ಅಕ್ಷರವನ್ನೂ ಸೇರಿಸಿಕೊಂಡು, ಇವೆಲ್ಲ ಇರುವ ಇಂಗ್ಲಿಷ್ ಪದ ಹೇಳಬೇಕು. ಉದ್ದ ಇದ್ದಷ್ಟೂ ಅಂಕ ಜಾಸ್ತಿ. ಕ್ಯೂ ಬಂದರೆ ಅರ್ಥ್‌ಕ್ವೇಕ್ ಎಲ್ಲರಿಗೂ ಹೊಳೆಯುತ್ತದೆ, 10 ಅಕ್ಷರ. ಕ್ವಾರ್ಟರ್‌ಬ್ಯಾಕಿಂಗ್ ಅಂದರೆ 14. ಇಂಥ ಪದ ಹುಡುಕಲು ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ನಾನು ಬರೆದ ಪ್ರೋಗ್ರಾಂ ಚೆನ್ನಾಗಿಯೇ ಓಡುತ್ತಿತ್ತು. ಒಂದು ಸಂಜೆ ಇಸ್ಪೀಟು ಆಡುತ್ತಾ ಅಕ್ಕನ ಮಗಳು ಕೇಳಿದಳು: "ಮಾಮಾ, ಎಕ್ಕ, ರಾಜ, ರಾಣಿ, ಗುಲಾಮ, ನಾಲ್ಕೂ ಒಂದೇ ಪದದಾಗ ಇರೋದು ಹುಡುಕಿ ಕೊಡ್ರಿ."

ಅಂದರೆ ಎ, ಕೆ, ಕ್ಯೂ, ಜೆ. ಎಂಥ ಒಳ್ಳೆಯ ಪ್ರಶ್ನೆ ಅಲ್ವಾ!

ಕೆ ಮತ್ತು ಎ ದೊಡ್ಡ ಸಮಸ್ಯೆ ಅಲ್ಲ. ಜೆ ಮತ್ತು ಕ್ಯೂ ಒಂದೇ ಪದದಲ್ಲಿ ಬರುವುದೇ ಕಷ್ಟ. ಹಾಗಾಗಿ ಮೊದಲು ಆ ಎರಡನ್ನೇ ಹುಡುಕಿದೆ. ಲಿನಕ್ಸ್ ಅನ್ನುವ ಕಂಪ್ಯೂಟರ್ ವ್ಯವಸ್ಥೆಯ ಜೊತೆ ಬರುವ ಪದಗಳ ಪಟ್ಟಿಯಲ್ಲಿ ಜಾಕ್ವೆಲಿನ್, ಜಾಕ್ವಸ್ ಅಂತ ಬರೀ ಹೆಸರುಗಳು, ಅವುಗಳ ಹಿಂದೆ ಅಪಾಸ್ಟ್ರಫಿ ಎಸ್ ಬೇರೆ. ಹೆಸರು ಆಟಕ್ಕೆ ಬರುವುದಿಲ್ಲ. ಅವನ್ನೆಲ್ಲ ತೆಗೆದರೆ ಉಳಿದದ್ದು ಜಾನ್‌ಕ್ವಿಲ್ ಅನ್ನುವ ಹೂವು, 7 ಅಕ್ಷರ, ಮತ್ತೆ ಅದರ ಬಹುವಚನ. ಅಷ್ಟೇ.

ನಿಘಂಟಿನಲ್ಲೇ ನೋಡೋಣ ಅಂತ ಹಳೇ ಪುಸ್ತಕದ ವ್ಯಾಪಾರಿಯೊಬ್ಬರಿಂದ ದಪ್ಪನೆಯ ಇಂಗ್ಲಿಷ್ ನಿಘಂಟು ತರಿಸಿದೆ. ಬರಲು 8 ದಿನ ಹಿಡಿಯಿತು. ಬಿಚ್ಚಿ ನೋಡಿದರೆ ಐ ಮುಗಿದ ಮೇಲೆ ನೇರವಾಗಿ ಕೆ! ಜೆ ಪುಟಗಳು ಹೊಲಿಗೆಯಿಂದಲೇ ಕಿತ್ತುಹೋಗಿವೆ. ಕೇಳಿದರೆ "ಪುಟ ಎಣಿಸಿ ಕಳಿಸೋದಿಲ್ಲ ಸರ್" ಅಂತ ಉತ್ತರ. ಹಳೇ ಪುಸ್ತಕ ತರಿಸುವವರು ಮೊದಲೇ ಪುಟಗಳ ಫೋಟೋ ಕೇಳಿ, ದಯವಿಟ್ಟು.

ಪುಸ್ತಕದ ದಾರಿ ಕಾಯುತ್ತಿದ್ದಾಗಲೇ ಪದದಾಟದವರು ಬಳಸುವ ಎನೇಬಲ್ ಅನ್ನುವ ಇಂಗ್ಲಿಷ್ ಪದಪಟ್ಟಿ ಇಳಿಸಿಕೊಂಡಿದ್ದೆ. 1.72 ಲಕ್ಷಕ್ಕೂ ಹೆಚ್ಚು ಪದ ಇರುವ ಪಟ್ಟಿ ಅದು. ಅದರಲ್ಲಿ ಜೆ ಮತ್ತು ಕ್ಯೂ ಹುಡುಕಿದರೆ ಸೊನ್ನೆ. ಜಾನ್‌ಕ್ವಿಲ್ ಕೂಡ ಇಲ್ಲ! ಇಷ್ಟು ದೊಡ್ಡ ಪಟ್ಟಿಯಲ್ಲಿ ಅದು ಇಲ್ಲದಿರಲು ಸಾಧ್ಯವೇ ಇಲ್ಲ. ಫೈಲ್ ತೆರೆದು ಕಣ್ಣಲ್ಲೇ ನೋಡಿದೆ, ಇದೆ. ಪ್ರೋಗ್ರಾಂ ಕೇಳಿದರೆ ಇಲ್ಲ ಅನ್ನುತ್ತದೆ. ಬಿಟ್ ಮಾಸ್ಕ್, ಅಂದರೆ ಪದದಲ್ಲಿ ಯಾವ ಯಾವ ಅಕ್ಷರ ಇದೆ ಅಂತ 26 ಮನೆಗಳಲ್ಲಿ ಗುರುತು ಹಾಕುವ ಭಾಗ, ತಪ್ಪಿರಬೇಕು ಅಂತ ಮೂರು ಸಲ ಹೊಸದಾಗಿ ಬರೆದೆ. ಪ್ರತಿ ಸಲವೂ ಸೊನ್ನೆ.

ನಿನ್ನೆ ರಾತ್ರಿ, ಹುಡುಕುವುದನ್ನೇ ಬಿಟ್ಟು, ಪ್ರೋಗ್ರಾಂ ಎಷ್ಟು ಪದ ಓದಿಕೊಂಡಿದೆ ಅಂತ ಕೇಳಿದೆ. ಉತ್ತರ: 1. ಯಾವುದು? ಝಿಝಿವಾಸ್. ಝೆಡ್, ವೈ, ಝೆಡ್, ಝೆಡ್, ವೈ, ವಿ, ಎ, ಎಸ್. ಅದು ದಕ್ಷಿಣ ಅಮೆರಿಕದ ಒಂದು ಸೊಂಡಿಲ ಹುಳ, ಪಟ್ಟಿಯ ಕಟ್ಟಕಡೆಯ ಪದ. ಲಕ್ಷಾಂತರ ಪದ ಮಾಯವಾಗಿ ಕೊನೆಯದೊಂದೇ ಯಾಕೆ ಉಳಿಯಿತು? ಕೊನೆಯ ಸಾಲಿನ ನಂತರ ಮಾತ್ರ ಎಂಟರ್ ಇರಲಿಲ್ಲ, ಅದಕ್ಕೆ! ಯಾರೋ ವಿಂಡೋಸ್‌ನಲ್ಲಿ ಉಳಿಸಿದ್ದ ಫೈಲ್ ಅದು. ಉಳಿದ ಪ್ರತಿ ಪದದ ಬಾಲಕ್ಕೂ ವಿಂಡೋಸ್ ಎಂಟರ್ ಜೊತೆ ಹಾಕುವ, ಕಣ್ಣಿಗೆ ಕಾಣದ ಒಂದು ಸಂಕೇತ ಅಂಟಿಕೊಂಡಿತ್ತು, ಕಂಪ್ಯೂಟರ್ ಲೆಕ್ಕದಲ್ಲಿ ಸಂಖ್ಯೆ 13. ಸುಮ್ನೆ ಓದಿಸಿದ್ದರೆ ಪೈಥಾನೇ ಅದನ್ನು ತೆಗೆಯುತ್ತಿತ್ತು, ಆದರೆ ನಾನು ವೇಗಕ್ಕೆಂದು, ಫೈಲನ್ನು ಇದ್ದ ಹಾಗೇ ಓದುವ ಬೈನರಿ ಮೋಡ್‌ನಲ್ಲಿ ತೆರೆದಿದ್ದೆ. ಮಾಸ್ಕ್ ಮಾಡುವಾಗ ಪ್ರತಿ ಅಕ್ಷರದ ಸಂಖ್ಯೆಯಿಂದ 97 (ಸಣ್ಣ ಎ ಅಕ್ಷರದ ಸಂಖ್ಯೆ) ಕಳೆದು, ಉಳಿದಷ್ಟು ಮನೆ ಗುರುತನ್ನು ಸರಿಸುತ್ತೇವೆ (ಇದೇ ಶಿಫ್ಟ್) ಅಲ್ವಾ, 13ರಿಂದ 97 ಹೋದರೆ ಮೈನಸ್ 84. ಮೈನಸ್ ಶಿಫ್ಟ್‌ಗೆ ಪೈಥಾನ್ ಎರರ್ ಕೊಡುತ್ತದೆ. ಎರರ್ ಬಂದ ಪದವನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗು ಅಂತ ಬರೆದವನು ನಾನೇ, ಜಾಕ್ವೆಲಿನ್ ಮತ್ತು ಅಪಾಸ್ಟ್ರಫಿಗಳನ್ನು ಸೋಸಲು. ಹೆಸರು ಸೋಸುವ ಜರಡಿ ಪೂರ್ತಿ ಪಟ್ಟಿಯನ್ನೇ ಸೋಸಿ ಚೆಲ್ಲಿತ್ತು.

ಪದದ ತುದಿಯ ಕಾಣದ ಸಂಕೇತಗಳನ್ನು ಕತ್ತರಿಸುವ ಆದೇಶ, ಒಂದೇ ಒಂದು ಸ್ಟ್ರಿಪ್, ಸೇರಿಸಿದೆ. ಬ್ಯಾಟರಿ 4 ಪರ್ಸೆಂಟ್. ಎಂಟರ್ ಒತ್ತಿದೆ.

ಜಾನ್‌ಕ್ವಿಲ್ ಬಂತು. ಜಾಕ್ವಾರ್ಡ್ ಬಂತು. ಜಾಕರಿ (ಜೆ, ಎ, ಸಿ, ಕ್ಯೂ, ಯು, ಇ, ಆರ್, ಐ, ಇ) ಬಂತು, 1358ರಲ್ಲಿ ಫ್ರಾನ್ಸಿನ ರೈತರು ಎದ್ದ ದಂಗೆಯಿಂದ ಬಂದ ಪದ. ಎಲ್ಲಕ್ಕಿಂತ ಉದ್ದದ್ದು ಜೆಕ್ವಿರಿಟಿ: ಜೆ, ಇ, ಕ್ಯೂ, ಯು, ಐ, ಆರ್, ಐ, ಟಿ, ವೈ. 9 ಅಕ್ಷರ, ಬಹುವಚನಕ್ಕೆ 11. ಏನಪ್ಪಾ ಇದು ಅಂತ ಮೊಬೈಲ್‌ನಲ್ಲಿ ಅರ್ಥ ನೋಡಿದೆ. ಗುಲಗಂಜಿ! ಅಜ್ಜಿಯ ಅಳಗುಳಿ ಮಣೆಯ ಡಬ್ಬಿ ಈಗಲೂ ನಮ್ಮ ಅಟ್ಟದ ಮೇಲಿದೆ. ಮೊಬೈಲ್ ಬೆಳಕಿನಲ್ಲೇ ಇಳಿಸಿ ಮುಚ್ಚಳ ತೆಗೆದೆ. ಕೆಂಪಗೆ ಹೊಳೆಯುವ ಕಾಳು, ತುದಿಯಲ್ಲಿ ಕಪ್ಪು ಬೊಟ್ಟು, ಒಂದೂ ಬಣ್ಣಗೆಟ್ಟಿಲ್ಲ. ಅಕ್ಕಸಾಲಿಗರು ಬಂಗಾರ ತೂಗುತ್ತಿದ್ದದ್ದು ಇದರಲ್ಲೇ, ಒಂದು ಕಾಳು ಸುಮಾರು 0.12 ಗ್ರಾಂ. ಚಿಕ್ಕಂದಿನಿಂದ ಕೈಯಲ್ಲಿ ಆಡಿಸಿದ ಕಾಳಿಗೆ ಹನ್ನೊಂದು ದಿನ ಇಂಗ್ಲಿಷಿನಲ್ಲಿ ಹುಡುಕಾಡಿದ್ದೆ.

ಜಾಕ್ವಾರ್ಡ್ ಬಗ್ಗೆಯೂ ಒಂದು ಮಾತು. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ನೇಕಾರರ ಮನೆಯೊಂದರಲ್ಲಿ ಮಗ್ಗದ ಮೇಲೆ ಜಕಾರ್ಡ್ ಪೆಟ್ಟಿಗೆ ನೋಡಿದ್ದೇನೆ, ಸರದ ಹಾಗೆ ಪೋಣಿಸಿದ ರಟ್ಟಿನ ಕಾರ್ಡುಗಳು ಒಂದೊಂದಾಗಿ ಉರುಳುತ್ತವೆ. ತೂತು ಇದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಫ್ರಾನ್ಸಿನ ಜೋಸೆಫ್ ಮರೀ ಜಾಕ್ವಾರ್ಡ್ 1804ರಲ್ಲಿ ಮಾಡಿದ್ದು ಅದು. ನನ್ನ 26 ಬಿಟ್‌ಗಳ ಮಾಸ್ಕ್ ಕೂಡ ಅಂಥದ್ದೇ 26 ತೂತಿನ ಒಂದು ಕಾರ್ಡು.

ಇನ್ನು ಅಕ್ಕನ ಮಗಳ ಪ್ರಶ್ನೆ. ಜಾಕ್ವಾರ್ಡ್‌ನಲ್ಲಿ ಎ ಇದೆ, ಕ್ಯೂ ಇದೆ, ಜೆ ಇದೆ. ಕೆ ಇಲ್ಲ. ಜಾಕರಿಯಲ್ಲೂ ಅದೇ ಕಥೆ. ನಾಲ್ಕೂ ಇರುವ ಪದ ನನ್ನ ಪಟ್ಟಿಯಲ್ಲಿ ಒಂದೂ ಇಲ್ಲ, ಈ ಸಲದ ಸೊನ್ನೆ ನಿಜವಾದ ಸೊನ್ನೆ. ಬೇರೆ ಪಟ್ಟಿ ಇಟ್ಟುಕೊಂಡವರು ಓಡಿಸಿ ನೋಡಿ, ಬಹುವಚನ ನಡೆಯುತ್ತದೆ, ಹೆಸರು ನಡೆಯುವುದಿಲ್ಲ.

ಮುಂದಿನದು ಕನ್ನಡ. ಒತ್ತಕ್ಷರವೇ ಇಲ್ಲದ ಅತಿ ಉದ್ದದ ಕನ್ನಡ ಪದ ಹುಡುಕಬೇಕು. ಆದರೆ 'ಕೊಪ್ಪಳ' ಎಷ್ಟು ಅಕ್ಷರ ಅಂತ ಪೈಥಾನ್ ಕೇಳಿದರೆ 6 ಅನ್ನುತ್ತದೆ, ಓತ್ವ, ಅರ್ಧಾಕ್ಷರದ ಚಿಹ್ನೆ ಎಲ್ಲವನ್ನೂ ಬೇರೆಬೇರೆ ಎಣಿಸಿ. ನಮಗೆ ಅದು ಮೂರೇ ಅಕ್ಷರ. ಮೊದಲು ಎಣಿಕೆ ಕಲಿಸಬೇಕು, ಆಮೇಲೆ ಹುಡುಕಾಟ.

ಭಾನುವಾರ ಅಕ್ಕನ ಮನೆಗೆ ಹೋಗುವಾಗ ಡಬ್ಬಿ ಒಯ್ಯುತ್ತೇನೆ. ಗುಲಗಂಜಿ ವಿಷ, ಬಾಯಿಗೆ ಹಾಕಬಾರದು ಅಂತ ಹೇಳಿಯೇ ಒಂದು ಕಾಳು ಅವಳ ಅಂಗೈ ಮೇಲೆ ಇಡುತ್ತೇನೆ.