ಕಡಿದವರು ಬೆಳೆಸಿದವರಲ್ಲ

ಹಳೆಯ ಮನೆಯೊಂದರ ಚಾವಣಿ ಬಿಚ್ಚುತ್ತಿದ್ದ ಬಡಗಿಯೊಬ್ಬರು ಈ ವಾರ ಆಡಿದ ಮಾತು ನನ್ನನ್ನು ಬಿಡದೆ ಕಾಡುತ್ತಿದೆ. ಇಳಿಸಿದ ಪೈನ್ ಜಂತೆಯನ್ನೂ ಅದರ ಜಾಗಕ್ಕೆಂದು ತಂದ ಹೊಸ ಪೈನ್ ಜಂತೆಯನ್ನೂ ಅಡ್ಡಕ್ಕೆ ಕೊಯ್ದು, ಎರಡರ ತುದಿಗಳನ್ನು ಅವರು ಪಕ್ಕಪಕ್ಕದಲ್ಲಿಟ್ಟಿದ್ದರು. ಹಳೆಯದರಲ್ಲಿ ಬೆಳವಣಿಗೆಯ ಉಂಗುರಗಳು ಎಣಿಸಲು ಕಣ್ಣು ಸೋಲುವಷ್ಟು ಒತ್ತಾಗಿದ್ದವು. ಹೊಸದರಲ್ಲಿ ನಿಂತಲ್ಲಿಂದಲೇ ಎಣಿಸಬಹುದಿತ್ತು. ಹಿಂದಿನದೆಲ್ಲವೂ ಮೇಲು ಎಂದು ನಂಬಿರುವ ಮನೆಯ ಯಜಮಾನರು, "ಆಗಿನವರ ಪ್ರಾಮಾಣಿಕತೆ ನೋಡಿ, ಈಗ ಎಲ್ಲ ಮೋಸ" ಎಂದರು. ಬಡಗಿ ತಲೆಯೆತ್ತದೆ, "ಹಾಗಲ್ಲ ಸ್ವಾಮಿ, ಇದನ್ನು ಕಡಿದವರು ಇದನ್ನು ಬೆಳೆಸಿದವರಲ್ಲ" ಎಂದರು.

ಕಡಿದವರು ಬೆಳೆಸಿದವರಲ್ಲ. ದಟ್ಟ ಕಾಡಿನ ನೆರಳಿನಲ್ಲಿ ಬೆಳಕಿಗಾಗಿ ಪೈಪೋಟಿ ನಡೆಸುತ್ತ ನಿಧಾನವಾಗಿ ದಪ್ಪವಾದ ಮರವನ್ನು ಆ ಕಾಲದವರು ಹೋಗಿ ಉರುಳಿಸಿದರು, ಅಷ್ಟೆ. ಅದರ ಗುಣಕ್ಕೆ ಅವರ ಪ್ರಾಮಾಣಿಕತೆ ಕಾರಣವಲ್ಲ. ಇಂದಿನ ಪೈನ್ ಬಹುಪಾಲು ನೆಡುತೋಪಿನ ಬೆಳೆ. ಬಿಸಿಲು ಧಾರಾಳವಾಗಿರುವುದರಿಂದ ಅದು ಬೇಗ ಹಿಗ್ಗುತ್ತದೆ, ಕೆಲವೇ ದಶಕಗಳಲ್ಲಿ ಕಟಾವಾಗುತ್ತದೆ. ಯಾವುದೇ ಪೈನ್ ಮರದಲ್ಲಿ ನಟ್ಟನಡುವಿನ ಮೊದಲ 10ರಿಂದ 20 ಉಂಗುರಗಳು ಎಳೆಯ ಮರ, ಅಂದರೆ ಆರಂಭದ ವರ್ಷಗಳಲ್ಲಿ ಬೆಳೆದ ಭಾಗ. ಅದರ ಸಾಂದ್ರತೆ ಕಡಿಮೆ, ಮೇಲಾಗಿ ಒಣಗುವಾಗ ಅದು ಉದ್ದಕ್ಕೂ ಕುಗ್ಗುತ್ತದೆ. ಬಲಿತ ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಅಲ್ಪ. ಒಂದೇ ಜಂತೆಯ ಒಂದು ಮಗ್ಗುಲು ಎಳೆಯದು, ಇನ್ನೊಂದು ಬಲಿತದ್ದಾದಾಗ ಅದು ಬಿಲ್ಲಿನಂತೆ ಬಾಗದೆ ಇನ್ನೇನಾದೀತು? ಚಿಕ್ಕ ವಯಸ್ಸಿನಲ್ಲೇ ಕಡಿದ ಮರದಲ್ಲಿ ಇಂಥ ನಡುಭಾಗದ ಪಾಲೇ ಹೆಚ್ಚು.

ಆದರೂ ಯಜಮಾನರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಉಂಗುರ ಒತ್ತಾಗಿದ್ದರೆ ಗಟ್ಟಿ ಎಂಬ ಲೆಕ್ಕ ಪೈನ್ ಜಾತಿಗೆ ಸರಿ. ಓಕ್, ಆಶ್ ಮರಗಳಲ್ಲಿ ಅದು ತಿರುಗುಮುರುಗಾಗಿ, ತೀರ ನಿಧಾನವಾಗಿ ಬೆಳೆದದ್ದೇ ಹಗುರಾಗುವುದುಂಟು. ತೇಗದ ವಿಷಯದಲ್ಲಿ ಮುಖ್ಯವಾದುದು ಚೇಗು, ಅಂದರೆ ಕಾಂಡದ ಒಳಭಾಗದ ಗಟ್ಟಿ ಮರ. ಗೆದ್ದಲನ್ನು ದೂರವಿಡುವ ಸಾರ ಇರುವುದು ಅಲ್ಲಿಯೇ, ಎಳೆಯ ತೇಗದಲ್ಲಿ ಅದರ ಪಾಲು ಕಡಿಮೆ. ಇನ್ನು, ಹಳೆಯ ಮನೆಗಳಲ್ಲಿ ನಮ್ಮ ಕಣ್ಣಿಗೆ ಬೀಳುವುದು ಉಳಿದುಬಂದ ಮರ ಮಾತ್ರ. ಅದೇ ಕಾಲದ ಕಳಪೆ ತೊಲೆಗಳು ಎಂದೋ ಕೊಳೆತು ಒಲೆ ಸೇರಿವೆ, ಅವನ್ನು ಹೊಗಳುವವರೂ ಇಲ್ಲ, ತೆಗಳುವವರೂ ಇಲ್ಲ.

ಎಳೆಯ ಮರದಿಂದಲೇ ದೊಡ್ಡ ತೊಲೆ ಮಾಡುವ ದಾರಿಯೂ ಹೊಸದಲ್ಲ. ಹಲಗೆಗಳನ್ನು ಪದರ ಪದರವಾಗಿ ಅಂಟಿಸಿ ಬಾಗಿದ ತೊಲೆ ಮಾಡುವ ವಿಧಾನಕ್ಕೆ ಜರ್ಮನಿಯ ಆಟೋ ಹೆಟ್ಸರ್ 1906ರಲ್ಲೇ ಪೇಟೆಂಟ್ ಪಡೆದಿದ್ದರು. ಗಂಟುಗಳನ್ನು ಕತ್ತರಿಸಿ ತೆಗೆದು, ಉಳಿದ ದೋಷಗಳನ್ನು ಪದರಗಳ ನಡುವೆ ಚದುರಿಸುವ ಈ ಕ್ರಮವನ್ನು ಯಜಮಾನರು "ಅಂಟಿನ ಮರ" ಎಂದು ಮೂಗುಮುರಿಯುತ್ತಾರೆ. ಅದೇ ಯಜಮಾನರು ಹೊಸ ಜಂತೆಗಳನ್ನು ಆರಿಸುವಾಗ ತುದಿ ತಿರುಗಿಸಿ ನೋಡಲಿಲ್ಲ, ತೇವಾಂಶ ಅಳೆಯಿರೆಂದು ಕೇಳಲಿಲ್ಲ. ಬಣ್ಣ ಚೆನ್ನಾಗಿದೆ ಎಂದು ತಂದರು. ಅದನ್ನೂ ಬಡಗಿಯೇ ಹೇಳಿದ್ದು, ಯಜಮಾನರು ಆಚೆ ಹೋದ ಮೇಲೆ.