ಆಕಾರದ ಬಗ್ಗೆಯೇ ಕೇಳಿ ಬಂದೆ

19 ಆಗಸ್ಟ್ 2025, ಮಂಗಳವಾರ
ಮೈಸೂರು

ಇವತ್ತು ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗಿ ಬಂದೆ. ಕ್ಯಾನ್ಸರ್ ಚೆಕಪ್ ಹೇಗಿದ್ದರೂ ನಡೆದೇ ಇದೆ, ಇದು ಬೇರೆ. ನನ್ನ ಬಲಗಡೆಯ ಎದೆ ಯಾಕೆ ಹೀಗಾಗುತ್ತಿದೆ ಅಂತ ಕೇಳುವುದಕ್ಕೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೆ.

2020ರಲ್ಲಿ ಬಲಗಡೆಯ ಸ್ತನ ತೆಗೆದರು. ಚರ್ಮ ಉಳಿಸಿಕೊಂಡು, ಮಾಂಸಖಂಡದ ಕೆಳಗೆ ಎಕ್ಸ್‌ಪ್ಯಾಂಡರ್ ಅನ್ನುವ ಹಿಗ್ಗುವ ಚೀಲ ಇಟ್ಟರು. ಅದಕ್ಕೆ ಆಗಾಗ ಸೂಜಿಯಲ್ಲಿ ಸಲೈನ್ ತುಂಬಿಸಿ ಜಾಗ ಮಾಡಿಕೊಂಡು, ಆಮೇಲೆ ಸಿಲಿಕೋನ್ ಇಂಪ್ಲಾಂಟ್ ಹಾಕಿದರು. ರೇಡಿಯೇಷನ್ನೂ ಆಯಿತು. ಮೊದಮೊದಲು ಊದಿಕೊಂಡು ಮೇಲೆ ಕೂತಿತ್ತು. ಕೆಲವು ತಿಂಗಳಲ್ಲಿ ಇಳಿದು ಜಾಗಕ್ಕೆ ಕೂರುತ್ತೆ ಅಂದಿದ್ದರು. ಹಾಗೇ ಆಯಿತು, ನಾನೂ ಅದನ್ನು ಮರೆತು ಓಡಾಡಿಕೊಂಡಿದ್ದೆ.

ಈಗ ಮತ್ತೆ ಮೇಲೇರಿದೆ. ಗುಂಡಗೆ, ಗಟ್ಟಿಯಾಗಿದೆ. ಎಡಗಡೆಯದು ವಯಸ್ಸಿಗೆ ತಕ್ಕ ಹಾಗೆ ಜೋತು ಬೀಳುತ್ತಿದೆ, ಬಲಗಡೆಯದು ಬಿಗಿಯುತ್ತಾ ಹೋಗುತ್ತಿದೆ. ಬಗ್ಗಿದರೆ ಪಕ್ಕದಲ್ಲಿ ಸುಕ್ಕು ಕಾಣುತ್ತೆ. ತುರಿಮಣೆ ಮೇಲೆ ಕೂತು ಕಾಯಿ ತುರಿಯುವಾಗ, ಬಲಗೈ ಒತ್ತಿದಾಗಲೆಲ್ಲ ಇಡೀ ಇಂಪ್ಲಾಂಟ್ ಕಂಕುಳ ಕಡೆ ಸರಿಯುತ್ತದೆ. ನೈಟಿ ಮೇಲಿಂದಲೇ ಗೊತ್ತಾಗುತ್ತೆ. ಕೈ ಸಡಿಲ ಬಿಟ್ಟರೆ ವಾಪಸ್ ಬರುತ್ತೆ.

ಗೌರಿ ಹಬ್ಬಕ್ಕೆ ರವಿಕೆ ಹೊಲಿಸಲು ಹೋದಾಗ ಟೈಲರಕ್ಕ ಅಳತೆಗೆ ಹಳೇ ರವಿಕೆ ಸಾಲದು ಅಂದರು. ಎರಡು ಕಡೆಗೂ ಬೇರೆ ಬೇರೆ ಅಳತೆ ಹಿಡಿದು, ಬಲಗಡೆಯ ಟಕ್ಸನ್ನು ಮೇಲಕ್ಕೆ ಗುರುತು ಹಾಕಿಕೊಂಡರು. ಒಂದು ಮಾತೂ ಕೇಳಲಿಲ್ಲ. ಅವರ ಮೇಲೆ ತುಂಬಾ ಪ್ರೀತಿ ಬಂತು. ಸೆರಗು ಎಡ ಹೆಗಲಿಗೆ ಹೋಗುವುದರಿಂದ ಬಲಗಡೆಯ ಮೇಲ್ಭಾಗ ಅಷ್ಟಾಗಿ ಮುಚ್ಚುವುದಿಲ್ಲ, ಅಲ್ವಾ? ನನಗೆ ಉಬ್ಬಿರುವುದೂ ಅಲ್ಲೇ.

ಇದನ್ನು ಮನೆಯಲ್ಲಿ ಹೇಳಿದಾಗ ಅತ್ತೆ, "ಜೀವ ಉಳೀತಲ್ಲಮ್ಮ, ಇನ್ನು ಅದರ ಅಂದಚೆಂದ ಯಾಕೆ?" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಕೀಮೋ ಸಮಯದಲ್ಲಿ ರಾತ್ರಿಯೆಲ್ಲ ನನ್ನ ಪಕ್ಕ ಕೂತವರು ಅವರು. ಆದರೂ ಆ ಮಾತು ನನಗೆ ಒಪ್ಪಿಗೆಯಿಲ್ಲ. ಜೀವ ಉಳಿದಿದ್ದಕ್ಕೇ ಈ ಮೈಯಲ್ಲಿ ನಾನು ದಿನಾ ಸ್ನಾನ ಮಾಡಬೇಕು, ಬಟ್ಟೆ ಹಾಕಬೇಕು, ಗಂಡನ ಪಕ್ಕ ಮಲಗಬೇಕು. ಆಪರೇಷನ್ ಮಾಡಿದ ಆಸ್ಪತ್ರೆಯಲ್ಲೂ ಡಿಸ್ಚಾರ್ಜ್ ಹಾಳೆಯಲ್ಲಿ ಡ್ರೈನ್, ಹೊಲಿಗೆ, ಭಾರ ಎತ್ತಬಾರದು, ಎಲ್ಲ ಇತ್ತು. ರೇಡಿಯೇಷನ್ ಆದ ಕಡೆ ವರ್ಷಗಳ ಮೇಲೆ ಆಕಾರ ಬದಲಾಗಬಹುದು ಅಂತ ಒಂದು ಸಾಲೂ ಇರಲಿಲ್ಲ. ಅದಕ್ಕೆ ನನಗೆ ಈಗಲೂ ಸಿಟ್ಟಿದೆ. ಮೊದಲೇ ಹೇಳಿದ್ದರೂ ನಾನು ಇಂಪ್ಲಾಂಟನ್ನೇ ಆರಿಸಿಕೊಳ್ಳುತ್ತಿದ್ದೆನೋ ಏನೋ. ಆದರೆ ಗೊತ್ತಿದ್ದು ಆರಿಸಿಕೊಳ್ಳುತ್ತಿದ್ದೆ.

ಇವತ್ತಿನ ಡಾಕ್ಟರ್ ಮೇಡಂ ಅವಸರ ಮಾಡಲಿಲ್ಲ. ಕೂರಿಸಿ ನೋಡಿದರು, ಕೈ ಎತ್ತಿಸಿ ನೋಡಿದರು, ಎರಡೂ ಕೈ ಸೊಂಟಕ್ಕೆ ಒತ್ತಿ ಹಿಡಿಯಲು ಹೇಳಿ ನೋಡಿದರು. ಸ್ಕ್ಯಾನ್ ಮಾಡಿಸಿದರು. ನೀರು ತುಂಬಿಲ್ಲ, ಗಂಟಿಲ್ಲ. ಆಮೇಲೆ ಬಿಡಿಸಿ ಹೇಳಿದರು. ಗಟ್ಟಿಯಾಗಿರುವುದು ಇಂಪ್ಲಾಂಟ್ ಅಲ್ಲವಂತೆ. ಹೊರಗಿನ ವಸ್ತು ಏನೇ ಒಳಗೆ ಇಟ್ಟರೂ ದೇಹ ಅದರ ಸುತ್ತ ಒಂದು ಪೊರೆ ಕಟ್ಟುತ್ತದೆ, ಎಲ್ಲರಿಗೂ ಕಟ್ಟುತ್ತದೆ. ಕೆಲವರಲ್ಲಿ ಆ ಪೊರೆ ದಪ್ಪವಾಗಿ ಬಿಗಿಯುತ್ತಾ ಹೋಗುತ್ತದೆ. ಒಳಗಿನ ಮೆತ್ತನೆಯ ಇಂಪ್ಲಾಂಟ್ ಅದರ ಹಿಡಿತಕ್ಕೆ ಸಿಕ್ಕಿ ಉಂಡೆಯಾಗಿ ಮೇಲೇರುತ್ತದೆ. ರೇಡಿಯೇಷನ್ ಆದವರಲ್ಲಿ ಇದು ಜಾಸ್ತಿ. ಬೇಕರ್ ಗ್ರೇಡ್ ಅಂತ ನಾಲ್ಕು ಹಂತ ಇದೆಯಂತೆ. ಒಂದರಲ್ಲಿ ಮೆತ್ತಗೇ ಇರುತ್ತದೆ, ಎರಡರಲ್ಲಿ ಮುಟ್ಟಿದರೆ ಸ್ವಲ್ಪ ಗಟ್ಟಿ, ಮೂರರಲ್ಲಿ ಗಟ್ಟಿಯ ಜೊತೆಗೆ ಆಕಾರವೂ ಕೆಟ್ಟು ಕಣ್ಣಿಗೆ ಕಾಣುತ್ತದೆ, ನಾಲ್ಕರಲ್ಲಿ ನೋವೂ ಸೇರುತ್ತದೆ. ನನ್ನದು ಮೂರು. ಕೈ ಒತ್ತಿದಾಗ ಸರಿಯುವುದು ಮಾತ್ರ ಬೇರೆ ಕಾರಣಕ್ಕೆ. ಮಾಂಸಖಂಡದ ಕೆಳಗಿರುವುದರಿಂದ ಅದು ಬಿಗಿದಾಗ ಇಂಪ್ಲಾಂಟೂ ಜೊತೆಗೇ ಚಲಿಸುತ್ತದೆ.

ನನಗೆ ಒಳಗೊಳಗೇ ಇದ್ದ ಹೆದರಿಕೆ ಇನ್ನೊಂದು. ಇಂಪ್ಲಾಂಟ್ ಸುತ್ತಲಿನ ಪೊರೆಯಲ್ಲಿ ಬರುವ ಲಿಂಫೋಮಾ ಅನ್ನುವ ಕ್ಯಾನ್ಸರ್ ಬಗ್ಗೆ ಓದಿದ್ದೆ. ಮೇಲ್ಮೈ ತರಿತರಿಯಾಗಿರುವ ಇಂಪ್ಲಾಂಟ್‌ಗಳ ಜೊತೆ ಅದರ ಸಂಬಂಧ ಕಂಡುಬಂದು, 2019ರ ಜುಲೈನಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಪ್ರಪಂಚದಾದ್ಯಂತ ವಾಪಸ್ ತೆಗೆದುಕೊಂಡಿತ್ತು. ಇಂಪ್ಲಾಂಟ್ ಕಾರ್ಡನ್ನು ನಾನು ಎಲ್ಐಸಿ ಬಾಂಡುಗಳ ಜೊತೆ ಇಟ್ಟಿದ್ದೆ, ಇವತ್ತು ಒಯ್ದು ತೋರಿಸಿದೆ. ಸೀರಿಯಲ್ ನಂಬರ್, ಸೈಜು, ಎಲ್ಲ ಅದರಲ್ಲಿದೆ. ನನ್ನದು ನುಣುಪು ಮೇಲ್ಮೈಯದು. ಆ ಕಾಯಿಲೆ ಬಹಳ ಅಪರೂಪ, ಬೇಗ ಗೊತ್ತಾದರೆ ಹೆಚ್ಚಿನವರಿಗೆ ಇಂಪ್ಲಾಂಟನ್ನೂ ಪೊರೆಯನ್ನೂ ತೆಗೆದರೆ ವಾಸಿಯಾಗುತ್ತದೆ ಅಂದರು. ಆದರೆ ಆಪರೇಷನ್ ಆಗಿ ವರ್ಷ ದಾಟಿದ ಮೇಲೆ ಒಂದು ಕಡೆ ಇದ್ದಕ್ಕಿದ್ದ ಹಾಗೆ ಊದಿದರೆ ಸುಮ್ನೆ ಮಾತ್ರೆ ನುಂಗಿಕೊಂಡು ಕೂರಬಾರದು, ಒಳಗೆ ತುಂಬಿದ ನೀರನ್ನು ತೆಗೆದು ಪರೀಕ್ಷೆ ಮಾಡಿಸಲೇಬೇಕು ಅಂತ ಒತ್ತಿ ಹೇಳಿದರು.

ಇದನ್ನು ಓದುವ ಹೆಣ್ಣುಮಕ್ಕಳಿಗೆ, ಕ್ಯಾನ್ಸರ್ ಇಲ್ಲದೆ ಗಾತ್ರಕ್ಕಾಗಿ ಇಂಪ್ಲಾಂಟ್ ಹಾಕಿಸಿಕೊಂಡವರಿಗೂ ಸೇರಿಸಿ ಹೇಳುತ್ತೇನೆ: ನಾಚಿಕೆ ಅಂತ ಮುಚ್ಚಿಡಬೇಡಿ. ಆಕಾರ ಬದಲಾಗುವುದು, ಗಟ್ಟಿಯಾಗುವುದು, ಕೆಂಪಾಗುವುದು, ಊದುವುದು, ಎಲ್ಲ ಡಾಕ್ಟರಿಗೆ ತೋರಿಸಬೇಕಾದ ವಿಷಯವೇ. ಕೆಲವು ಸಲ ಸಿಲಿಕೋನ್ ಇಂಪ್ಲಾಂಟ್ ಒಳಗೇ ಒಡೆದಿದ್ದರೂ ಹೊರಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಅಮೆರಿಕದಲ್ಲಿ ಔಷಧ, ಇಂಪ್ಲಾಂಟ್‌ಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ, ತೊಂದರೆ ಇಲ್ಲದಿದ್ದರೂ ಹಾಕಿಸಿದ ಐದಾರು ವರ್ಷಕ್ಕೆ ಒಮ್ಮೆ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ ಅನ್ನುತ್ತದೆ. ಇಂಪ್ಲಾಂಟ್ ಜೀವನಪೂರ್ತಿ ಬಾಳುವ ವಸ್ತು ಅಲ್ಲ ಅಂತಲೂ ಅದೇ ಹೇಳುತ್ತದೆ.

ಮುಂದೇನು ಅಂದರೆ, ಹೀಗೇ ಬಿಡಬಹುದು. ಪೊರೆ ತೆಗೆದು ಇಂಪ್ಲಾಂಟ್ ಬದಲಿಸಬಹುದು, ಆದರೆ ರೇಡಿಯೇಷನ್ ಆದ ಜಾಗದಲ್ಲಿ ಮತ್ತೆ ಬಿಗಿಯುವ ಸಾಧ್ಯತೆ ಇದ್ದೇ ಇದೆ. ಇಲ್ಲವೇ ಹೊಟ್ಟೆಯ ಕೆಳಭಾಗದ ಚರ್ಮ, ಕೊಬ್ಬನ್ನು ರಕ್ತನಾಳದ ಸಮೇತ ತಂದು ಅಲ್ಲಿ ಜೋಡಿಸಬಹುದು. ದೊಡ್ಡ ಆಪರೇಷನ್. ಆದರೂ ನನ್ನ ಮನಸ್ಸು ಆ ಕಡೆಗೇ ವಾಲುತ್ತಿದೆ. ನನ್ನದೇ ಮೈಯಾದರೆ ನನ್ನ ಜೊತೆಗೇ ದಪ್ಪ ಆಗುತ್ತೆ, ಸಣ್ಣ ಆಗುತ್ತೆ.

ದುಡ್ಡಿನ ವಿಷಯ ಇವರು ಕೇಳಿದರು. ಅಂದಚೆಂದದ ಸರ್ಜರಿಗೆ ಹೆಲ್ತ್ ಪಾಲಿಸಿ ದುಡ್ಡು ಕೊಡುವುದಿಲ್ಲ, ನಿಜ. ಆದರೆ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ನಿಯಮದಲ್ಲೇ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲೆ ಅಂಗವನ್ನು ಮತ್ತೆ ರೂಪಿಸುವ ಸರ್ಜರಿಗೆ ವಿನಾಯಿತಿ ಇದೆ. ಹಾಗಾಗಿ ಚೀಟಿಯಲ್ಲಿ "ಸ್ತನ ಕ್ಯಾನ್ಸರ್ ನಂತರದ" ಅನ್ನುವುದನ್ನು ಸ್ಪಷ್ಟವಾಗಿ ಬರೆಯಿರಿ ಅಂತ ಮೇಡಂಗೆ ಕೇಳಿಕೊಂಡೆ, ಬರೆದುಕೊಟ್ಟರು. ಗಣೇಶನ ಹಬ್ಬ ಮುಗಿದ ಮೇಲೆ ಎಂಆರ್‌ಐ. ಇವರು ರಜೆ ಹಾಕುತ್ತೇನೆ ಅಂದಿದ್ದಾರೆ. ಅತ್ತೆಗೂ ರಾತ್ರಿ ಎಲ್ಲ ವಿವರವಾಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹೊಟ್ಟೆ ಕುಯ್ದರೆ ಎಷ್ಟು ದಿನ ಮಲಗಿರಬೇಕು?" ಅಂದರು.